ಬೂದಿ, ಬೆಂಡು, ಸಿಪ್ಪೆಯಲ್ಲಿ ಶೋಧಿಸಿದ ಬಯೋಡೀಸೆಲ್ ಶುದ್ಧವಾಗದಿದ್ದರೆ: ದೋಷ ಹುಡುಕುವ ಕೈಪಿಡಿ

ಎಣ್ಣೆಗೆ ಮೆಥನಾಲ್ ಮತ್ತು ಕ್ರಿಯೆ ಚುರುಕುಗೊಳಿಸುವ ಕ್ಷಾರ (ಕ್ರಿಯಾವರ್ಧಕ) ಬೆರೆಸಿದರೆ ಬಯೋಡೀಸೆಲ್ ಆಗುತ್ತದೆ, ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಒಂದಷ್ಟು ಸೋಪೂ ಹುಟ್ಟುತ್ತದೆ. ಈ ಬಯೋಡೀಸೆಲನ್ನು ನೀರಿನಲ್ಲಿ ತೊಳೆಯದೆ ಭತ್ತದ ಹೊಟ್ಟಿನ ಬೂದಿ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಕಬ್ಬಿನ ಸಿಪ್ಪೆ, ತೆಂಗಿನ ಚಿಪ್ಪಿನ ಇದ್ದಿಲು ಇಂಥವುಗಳಲ್ಲಿ ಶೋಧಿಸಬಹುದು. ತೊಳೆದ ನೀರನ್ನು ಎಲ್ಲಿ ಬಿಡುವುದು ಎಂಬ ತಲೆನೋವಿಲ್ಲ, ತೊಳೆದ ಮೇಲೆ ಇಂಧನ ಒಣಗಿಸುವ ಕೆಲಸವೂ ಇಲ್ಲ. ಆದರೆ ಫಲಿತಾಂಶ ಒಂದು ದಿನ ಚೆನ್ನಾಗಿ ಬಂದು ಮರುದಿನ ಕೆಡುವುದು ಈ ವಿಧಾನದಲ್ಲಿ ಸಾಮಾನ್ಯ. ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಬೂದಿಯನ್ನೋ ಸಿಪ್ಪೆಯನ್ನೋ. ಬಹಳಷ್ಟು ಸಲ ತಪ್ಪು ಅದರದ್ದಲ್ಲ. ಶೋಧಕಕ್ಕೆ ಬಂದ ಇಂಧನವೇ ಶೋಧಿಸುವ ಸ್ಥಿತಿಯಲ್ಲಿರುವುದಿಲ್ಲ. ಯಾವುದರ ತಪ್ಪು ಎಂದು ತಿಳಿಯದೆ ಹೊಸ ಬೂದಿ ಸುರಿದರೆ ಬೂದಿಯೂ ಹಾಳು, ಇಂಧನವೂ ಹಾಳು.

ಈ ವಸ್ತುಗಳು ಏನು ತೆಗೆಯುತ್ತವೆ, ಏನು ತೆಗೆಯುವುದಿಲ್ಲ ಎಂಬುದು ಮೊದಲೇ ಸ್ಪಷ್ಟವಿರಲಿ. ಸೋಪು, ಬಿಡಿ ಗ್ಲಿಸರಿನ್, ಉಳಿದ ಕ್ರಿಯಾವರ್ಧಕ, ಅಲ್ಪಸ್ವಲ್ಪ ನೀರು ಮತ್ತು ಮೆಥನಾಲ್ ಇವಿಷ್ಟು ಅವುಗಳ ಮೇಲ್ಮೈಗೆ ಅಂಟುತ್ತವೆ. ಬೂದಿಯಲ್ಲಿ ಆ ಕೆಲಸ ಮಾಡುವುದು ಸಿಲಿಕಾ, ಬೆಂಡು ಮತ್ತು ಸಿಪ್ಪೆಯಲ್ಲಿ ಸೆಲ್ಯುಲೋಸ್. ಎರಡಕ್ಕೂ ನೀರು, ಗ್ಲಿಸರಿನ್, ಸೋಪಿನಂಥ ಧ್ರುವೀಯ ಅಣುಗಳೆಂದರೆ ಇಷ್ಟ; ಬಯೋಡೀಸೆಲನ್ನು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ. ಕ್ರಿಯೆ ಪೂರ್ತಿಯಾಗದೆ ಉಳಿದ ಎಣ್ಣೆ ಮಾತ್ರ ಬಯೋಡೀಸೆಲಿನ ಹತ್ತಿರದ ನೆಂಟ. ಅದು ಯಾವ ಬೂದಿಗೂ ಸಿಗದೆ ದಾಟಿ ಹೋಗುತ್ತದೆ.

ಒಳಗೆ ಹೋಗುವ ಮುನ್ನ ಒಂದು ಮಾದರಿ, ಹೊರಬಂದ ಮೇಲೆ ಒಂದು

ಬರೀ ಹೊರಬಂದ ಇಂಧನವನ್ನು ಪರೀಕ್ಷಿಸಿದರೆ ಏನೂ ತಿಳಿಯದು. ಎರಡೂ ಕಡೆಯ ಸೋಪಿನಂಶ ಅಳೆದಿಡಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಶಂಕುಪಾತ್ರೆಯಲ್ಲಿ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಂಡು 10 ಗ್ರಾಂ ಇಂಧನ ಬೆರೆಸಿ. ಎರಡು ಹನಿ ಫಿನಾಫ್ತಲೀನ್ ಹಾಕಿ. ಗುಲಾಬಿ ಬಣ್ಣ ಬಂದರೆ ಕ್ರಿಯಾವರ್ಧಕ ಇನ್ನೂ ಉಳಿದಿದೆ ಎಂದರ್ಥ; 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ಹೋಗಿಸಿ, ಎಷ್ಟು ಹಿಡಿಯಿತೆಂದು ಬರೆದಿಡಿ. ಆಮೇಲೆ ಬ್ರೋಮೋಫಿನಾಲ್ ನೀಲಿ ಹಾಕಿ, ನೀಲಿ ಹೋಗಿ ಹಳದಿ ಬರುವವರೆಗೆ ಅದೇ ಆಮ್ಲ ಬಿಡಿ. ಈ ಎರಡನೇ ಅಳತೆಯೇ ಸೋಪು. ಇಂಧನ ಹಾಕದೆ ಬರೀ ಆಲ್ಕೊಹಾಲಿಗೂ ಒಮ್ಮೆ ಹೀಗೇ ಮಾಡಿ ಆ ಅಂಕಿಯನ್ನು ಕಳೆಯಬೇಕು. ಕ್ರಿಯಾವರ್ಧಕ ಕಾಸ್ಟಿಕ್ ಸೋಡಾ ಆಗಿದ್ದರೆ ಪ್ರತಿ 1 ಮಿ.ಲೀ.ಗೆ 304 ಪಿಪಿಎಂ (ತೂಕದ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಸೋಪು, ಕಾಸ್ಟಿಕ್ ಪೊಟ್ಯಾಷ್ ಆಗಿದ್ದರೆ ಸುಮಾರು 320 ಪಿಪಿಎಂ. ಶೋಧಿಸಿದ ಮೇಲಿನ ಮಾದರಿಯಲ್ಲಿ ಸೋಪು ಕಡಿಮೆಯಿರುವುದರಿಂದ 10 ಗ್ರಾಂ ಸಾಲದು. 40 ಗ್ರಾಂ ತೆಗೆದುಕೊಂಡರೆ 1 ಮಿ.ಲೀ.ಗೆ 76 ಅಥವಾ 80 ಪಿಪಿಎಂ ಲೆಕ್ಕ ಸಿಕ್ಕಿ ಅಳತೆ ನಿಖರವಾಗುತ್ತದೆ.

ಎಷ್ಟಿದ್ದರೆ ಸಾಕು? ಬಯೋಡೀಸೆಲಿನ ಗುಣಮಟ್ಟದ ಮಾನದಂಡಗಳಾದ ಯುರೋಪಿನ ಇಎನ್ 14214 ಮತ್ತು ಅಮೆರಿಕದ ಎಎಸ್‌ಟಿಎಂ ಡಿ6751 ಎರಡೂ ಸೋಡಿಯಂ ಮತ್ತು ಪೊಟ್ಯಾಸಿಯಂ ಸೇರಿ 5 ಪಿಪಿಎಂ ಮೀರಬಾರದು ಎನ್ನುತ್ತವೆ. ಸೋಪಿನ ಲೆಕ್ಕಕ್ಕೆ ತಿರುಗಿಸಿದರೆ ಸೋಡಿಯಂ ಸೋಪು 66 ಪಿಪಿಎಂ, ಪೊಟ್ಯಾಸಿಯಂ ಸೋಪು 41 ಪಿಪಿಎಂ. ಬಿಡಿ ಗ್ಲಿಸರಿನ್ ಮಿತಿ ಶೇ 0.02, ಆಮ್ಲಸಂಖ್ಯೆ (ಇಂಧನದಲ್ಲಿ ಎಷ್ಟು ಆಮ್ಲವಿದೆ ಎಂಬ ಅಳತೆ) 0.50, ನೀರಿಗೆ ಇಎನ್ 14214 ಕೊಡುವ ಮಿತಿ 500 ಪಿಪಿಎಂ.

ಸೋಪು ಇಳಿಯುತ್ತಿಲ್ಲ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ತಪ್ಪು ಇಂಧನದ್ದೋ ವಸ್ತುವಿನದ್ದೋ ಎಂದು ತಿಳಿಯಲು ನಾಲ್ಕು ಜಾಡಿಗಳ ಪರೀಕ್ಷೆ ಮಾಡಿ. ಅರ್ಧ ದಿನ ಹಿಡಿಯುತ್ತದೆ. ವಾರಗಟ್ಟಲೆ ಊಹೆ ಮಾಡುವುದಕ್ಕಿಂತ ವಾಸಿ.

ಇಂಧನವನ್ನು ಎರಡು ಪಾಲು ಮಾಡಿ. ಒಂದನ್ನು ಇದ್ದ ಹಾಗೇ ಇಡಿ, ಇನ್ನೊಂದರಿಂದ ಮೆಥನಾಲ್ ತೆಗೆಯಿರಿ. ಶೋಧಿಸುವ ವಸ್ತುವನ್ನೂ ಎರಡು ಪಾಲು ಮಾಡಿ. ಒಂದು ಚೀಲದಿಂದ ತೆಗೆದದ್ದು, ಇನ್ನೊಂದು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದ್ದು. ಪ್ರತಿ ಜಾಡಿಯಲ್ಲಿ 100 ಗ್ರಾಂ ಇಂಧನ, 4 ಗ್ರಾಂ ವಸ್ತು. ನಾಲ್ಕೂ ಜೋಡಿಗಳನ್ನು ಒಂದೇ ಬಿಸಿಯಲ್ಲಿ ಅರ್ಧ ಗಂಟೆ ಕಲಕಿ, ಸೋಸಿ, ಸೋಪು ಅಳೆಯಿರಿ. ಬಿಸಿ 50 ಡಿಗ್ರಿ ದಾಟದಿರಲಿ, ಜಾಡಿಯ ಬಾಯಿ ಬಿಗಿಯಾಗಿ ಮುಚ್ಚಬೇಡಿ. ಮೆಥನಾಲ್ ಉಳಿದಿರುವ ಜಾಡಿಯಲ್ಲಿ ಒತ್ತಡ ಏರುತ್ತದೆ.

ಮೆಥನಾಲ್ ತೆಗೆದ ಎರಡೂ ಜಾಡಿಗಳಲ್ಲಿ ಸೋಪು ಚೆನ್ನಾಗಿ ಇಳಿದಿದ್ದರೆ ತಪ್ಪು ಇಂಧನದ್ದು. ಒಣಗಿಸಿದ ಎರಡರಲ್ಲಿ ಮಾತ್ರ ಇಳಿದಿದ್ದರೆ ವಸ್ತು ಹಸಿಯಾಗಿತ್ತು. ಎರಡೂ ಸರಿಮಾಡಿದ ಒಂದೇ ಜಾಡಿಯಲ್ಲಿ ಇಳಿದಿದ್ದರೆ ಎರಡೂ ಕಡೆ ತಪ್ಪಿದೆ. ಯಾವುದರಲ್ಲೂ ಇಳಿಯದಿದ್ದರೆ ಒಂದೋ ಪ್ರಮಾಣ ಸಾಲದು, ಇಲ್ಲವೇ ಆ ವಸ್ತುವಿನ ತಯಾರಿಯಲ್ಲೇ ಮೂಲಭೂತ ದೋಷವಿದೆ.

ಮೆಥನಾಲಿಗೆ ಇಷ್ಟು ಮಹತ್ವ ಯಾಕೆಂದರೆ, ಸೋಪು ಬಯೋಡೀಸೆಲಿನಲ್ಲಿ ಕರಗಿ ನಿಲ್ಲುವುದೇ ಅದರ ಆಸರೆಯಿಂದ. ಮೆಥನಾಲ್ ಹೋದರೆ ಸೋಪಿಗೆ ನೆಲೆ ತಪ್ಪಿ ಸಣ್ಣ ಸಣ್ಣ ಅಂಟುಕಣಗಳಾಗಿ ಹೊರಬೀಳುತ್ತದೆ. ಅದನ್ನು ಒಂದು ರಾತ್ರಿ ಸುಮ್ಮನೆ ಬಿಟ್ಟರೆ ಒಂದಷ್ಟು ಸೋಪು, ಗ್ಲಿಸರಿನ್ ತಾನಾಗಿ ತಳ ಸೇರುತ್ತವೆ. ಬೆಂಡಿಗೋ ಬೂದಿಗೋ ಉಳಿಯುವುದು ಕಡೆಯ ಪಾಲು ಮಾತ್ರ. 5,000 ಪಿಪಿಎಂ ಸೋಪಿರುವ ಇಂಧನವನ್ನು ನೇರವಾಗಿ ಕಾಲಂಗೆ (ಶೋಧಿಸುವ ವಸ್ತು ತುಂಬಿದ ಉದ್ದ ಕೊಳವೆಗೆ) ಬಿಟ್ಟು 50ಕ್ಕೆ ಇಳಿಸುವ ಆಸೆ ಬೇಡ. ಮೊದಲು ಮೆಥನಾಲ್ ತೆಗೆದು, ತಣಿಸಿ, ನೆಲೆಗೊಳಿಸಿ. ಆಮೇಲೂ 1,500ಕ್ಕಿಂತ ಹೆಚ್ಚಿದ್ದರೆ ಬಯೋಡೀಸೆಲ್ ಮಾಡಲು ತಂದ ಎಣ್ಣೆಯಲ್ಲಿ ತೇವ ಅಥವಾ ಮುಕ್ತ ಕೊಬ್ಬಿನಾಮ್ಲ (ಎಣ್ಣೆಯಿಂದ ಬಿಡಿಯಾದ ಆಮ್ಲ) ಜಾಸ್ತಿಯಿತ್ತೆಂದು ತಿಳಿದು ಹಿಂದಿನ ಹಂತಕ್ಕೆ ಹೋಗಿ.

ಮೆಥನಾಲ್ ತೆಗೆಯುವಾಗ ಎರಡು ಎಚ್ಚರ. ತಳದ ಗ್ಲಿಸರಿನನ್ನು ಮೊದಲು ಪೂರ್ತಿ ಇಳಿಸಿಬಿಡಿ. ಗ್ಲಿಸರಿನ್ ಮತ್ತು ಕ್ರಿಯಾವರ್ಧಕ ಜತೆಗಿರುವಾಗ ಮೆಥನಾಲ್ ಎಳೆದರೆ ಕ್ರಿಯೆ ಹಿಮ್ಮುಖವಾಗಿ ನಡೆದು ಅರ್ಧ ಕ್ರಿಯೆಗೊಂಡ ಎಣ್ಣೆ ಮತ್ತೆ ಹುಟ್ಟುತ್ತದೆ. ಎರಡನೆಯದು ಬೆಂಕಿ. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಆವಿ 11 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ, ಉರಿ ಹಗಲಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ. ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಕಾಯಿಸುವ ಕೆಲಸ ಇದಲ್ಲ. ಮುಚ್ಚಿದ ತೊಟ್ಟಿ, ಆವಿಯನ್ನು ತಣಿಸಿ ಹಿಡಿಯುವ ಕಂಡೆನ್ಸರ್, ಗಾಳಿಯಾಡುವ ಜಾಗ, ಕಿಡಿ ಹಾರದ ಮೋಟಾರ್ ಇವು ಇಲ್ಲದಿದ್ದರೆ ಆ ಹಂತಕ್ಕೆ ಕೈ ಹಾಕಬೇಡಿ. ಜಾಡಿ ಪರೀಕ್ಷೆಯ ಸಣ್ಣ ಮಾದರಿಗೂ ಇದೇ ಮಾತು.

ವಸ್ತು ಸರಿ, ಇಂಧನ ಸರಿ, ಕಾಲಂ ಮಾತ್ರ ಕೆಲಸ ಮಾಡುತ್ತಿಲ್ಲ

ಜಾಡಿಯಲ್ಲಿ ಗೆದ್ದದ್ದು ಕಾಲಂನಲ್ಲಿ ಸೋತರೆ ಕಾರಣ ಹರಿವು. 10 ಸೆಂ.ಮೀ. ವ್ಯಾಸ, 1 ಮೀಟರ್ ಎತ್ತರದ ಹಾಸಿನ (ಕಾಲಂನೊಳಗೆ ತುಂಬಿದ ವಸ್ತುವಿನ) ಗಾತ್ರ ಸುಮಾರು 7.8 ಲೀಟರ್. ಗಂಟೆಗೆ 15 ಲೀಟರ್ ಬಿಟ್ಟರೆ ಇಂಧನಕ್ಕೆ ಅರ್ಧ ಗಂಟೆ ಸಿಗುತ್ತದೆ. ಬೆಂಡು, ಸಿಪ್ಪೆಗೆ ಇದು ಒಳ್ಳೆಯ ಆರಂಭ. ಅವಸರಕ್ಕೆ 60 ಲೀಟರ್ ಬಿಟ್ಟರೆ ಏಳೆಂಟು ನಿಮಿಷ ಮಾತ್ರ.

ಹರಿವು ಸರಿಯಿದ್ದೂ ಸೋಪು ದಾಟುತ್ತಿದ್ದರೆ ಇಂಧನ ಹಾಸಿನೊಳಗೆ ಅಡ್ಡದಾರಿ ಮಾಡಿಕೊಂಡಿದೆ. ಸಾಮಾನ್ಯವಾಗಿ ಕೊಳವೆಯ ಗೋಡೆಯ ಪಕ್ಕದಲ್ಲಿ. ಖಚಿತಪಡಿಸಿಕೊಳ್ಳಲು ಹಾಸನ್ನು ಹೊರಗೆ ತಳ್ಳಿ ಅಡ್ಡಲಾಗಿ ಮುರಿದು ನೋಡಿ. ಅಂಚು ಕಪ್ಪಾಗಿ ಅಂಟಂಟಾಗಿದ್ದು ನಡುಭಾಗ ಹೊಸದರಂತೆಯೇ ಇದ್ದರೆ ಅನುಮಾನವೇ ಬೇಡ. ಒಮ್ಮೆಗೇ ಸುರಿದು ತುಂಬಿದ ಕಾಲಂನಲ್ಲಿ ಹೀಗಾಗುತ್ತದೆ. ಒಂದೊಂದು ಗೇಣಿನಷ್ಟು ತುಂಬಿ ಮಟ್ಟಸವಾಗಿ ಒತ್ತುತ್ತ ಬನ್ನಿ, ಮೇಲೆ ರಂಧ್ರವಿರುವ ತಟ್ಟೆ ಇಟ್ಟು ಬಿಗಿಮಾಡಿ, ಮೊದಲ ಬಾರಿ ಇಂಧನವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿಸಿ. ಒಳಗಿನ ಗಾಳಿ ಗುಳ್ಳೆಗಳು ಹೊರಟುಹೋಗುತ್ತವೆ. ಮೊದಲ ಒಂದೆರಡು ಹಾಸಿನಷ್ಟು ಇಂಧನ ದೂಳು ಹೊತ್ತು ಬರುತ್ತದೆ, ಅದನ್ನು ವಾಪಸು ಮೂಲ ತೊಟ್ಟಿಗೆ ಬಿಡಿ.

ಕಣದ ಗಾತ್ರವೂ ಮುಖ್ಯ. ಬೆಂಡನ್ನು 1ರಿಂದ 2 ಮಿ.ಮೀ.ಗೆ ಒಡೆದು, ಜರಡಿ ಹಿಡಿದು ದೂಳು ತೆಗೆದರೆ ಹರಿವೂ ಇರುತ್ತದೆ, ಹಿಡಿತವೂ ಇರುತ್ತದೆ. ಇಡೀ ಭತ್ತದ ಹೊಟ್ಟನ್ನು ಹಾಗೇ ತುಂಬುವುದು ಪ್ರಯೋಜನವಿಲ್ಲ. ಅದರ ಹೊರಮೈ ಗಡಸು, ಮೇಣದ ಪದರ ಬೇರೆ. ಇಂಧನ ಮೇಲೆ ಜಾರಿ ಹೋಗುತ್ತದೆ.

ಬೆಂಡು, ಸಿಪ್ಪೆಯ ಕಾಲಂಗೆ ಇಂಧನ ತಣ್ಣಗೇ ಬರಲಿ. 25ರಿಂದ 30 ಡಿಗ್ರಿ ಸಾಕು. ಅವು ಸೋಪನ್ನು ಹೆಚ್ಚಾಗಿ ಕಣವಾಗಿ ಹಿಡಿಯುತ್ತವೆ, ಬಿಸಿ ಇಂಧನದಲ್ಲಿ ಆ ಕಣಗಳು ಮತ್ತೆ ಕರಗುತ್ತವೆ. ಬೂದಿಯ ವಿಷಯ ಬೇರೆ. ಅದರ ರಂಧ್ರಗಳೊಳಗೆ ಅಣುಗಳು ಇಳಿಯಬೇಕು, ಅದಕ್ಕೆ ಇಂಧನ ತೆಳುವಾಗಿರಬೇಕು. ಮೆಥನಾಲ್ ತೆಗೆದಾದ ಮೇಲೆ 60 ಡಿಗ್ರಿಯಲ್ಲಿ 20ರಿಂದ 30 ನಿಮಿಷ ಕಲಕುವುದು ಸರಿಯಾದ ರೂಢಿ. ಬೂದಿಯನ್ನು ಕಾಲಂಗೆ ತುಂಬುವ ಯೋಚನೆ ಬಿಟ್ಟುಬಿಡಿ, ಗಂಟೆಯೊಳಗೆ ಕಟ್ಟಿಕೊಳ್ಳುತ್ತದೆ. ತೊಟ್ಟಿಯಲ್ಲಿ ಕಲಕಿ ಸೋಸುವುದೇ ಅದಕ್ಕೆ ತಕ್ಕ ಕ್ರಮ.

ಬೂದಿಯ ಪ್ರಮಾಣ ತೂಕದಲ್ಲಿ ಶೇ 4ರಿಂದ ಶುರುಮಾಡಿ. 100 ಲೀಟರ್ ಇಂಧನ ಸುಮಾರು 88 ಕೆ.ಜಿ. ತೂಗುತ್ತದೆ, ಅಂದರೆ 3.5 ಕೆ.ಜಿ. ಬೂದಿ. ನಿಮ್ಮ ಬೂದಿಗೆ ಎಷ್ಟು ಬೇಕೆಂದು ತಿಳಿಯಲು 100 ಗ್ರಾಂ ಇಂಧನಕ್ಕೆ 1, 2, 3, 4, 5 ಗ್ರಾಂ ಹಾಕಿದ ಐದು ಜಾಡಿ ಸಾಕು. ಎಲ್ಲಿಂದ ಮುಂದೆ ಬೂದಿ ಹೆಚ್ಚಿಸಿದರೂ ಸೋಪು ಇಳಿಯುವುದಿಲ್ಲವೋ ಅದೇ ನಿಮ್ಮ ಪ್ರಮಾಣ. ಮುಂದೆ ಹಾಕಿದ್ದೆಲ್ಲ ಇಂಧನ ಕುಡಿಯುವುದಕ್ಕಷ್ಟೇ. ಸೋಸಿದ ಬೂದಿ ಇಂಧನವನ್ನೂ ಹಿಡಿದಿಟ್ಟುಕೊಂಡೇ ಹೊರಬರುತ್ತದೆ ಎಂಬುದನ್ನು ಮರೆಯಬಾರದು.

ಶೋಧಿಸಿದ ಮೇಲೆ ಸೋಪು ಅಥವಾ ಪೊಟ್ಯಾಸಿಯಂ ಹೆಚ್ಚಾಗಿದೆ

ನಂಬಲು ಕಷ್ಟವಾದರೂ ಆಗುವಂಥದ್ದೇ. ಬೂದಿ ಸಹಜವಾಗಿ ಕ್ಷಾರ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಆದರೆ ಉಳಿದದ್ದರಲ್ಲಿ ಪೊಟ್ಯಾಸಿಯಂ ಮುಖ್ಯ. ಬೂದಿಯಲ್ಲಿ ಶೇ 2 ಪೊಟ್ಯಾಸಿಯಂ ಇದೆ ಎಂದುಕೊಂಡು ಲೆಕ್ಕ ಹಾಕಿ: ಶೇ 4 ಬೂದಿ ಬೆರೆಸಿದಾಗ ಇಂಧನಕ್ಕೆ 800 ಪಿಪಿಎಂ ಪೊಟ್ಯಾಸಿಯಂ ಜತೆಯಾಯಿತು. ಅದರಲ್ಲಿ ನೂರಕ್ಕೆ ಒಂದು ಪಾಲು ಬಿಟ್ಟುಕೊಟ್ಟರೂ 8 ಪಿಪಿಎಂ. ಮಿತಿಯೇ 5. ಇಂಧನದಲ್ಲಿ ಮುಕ್ತ ಕೊಬ್ಬಿನಾಮ್ಲ ಇದ್ದರಂತೂ ಈ ಕ್ಷಾರದೊಡನೆ ಸೇರಿ ಹೊಸ ಸೋಪನ್ನೇ ಕಟ್ಟುತ್ತದೆ.

ಪರೀಕ್ಷೆ ಸುಲಭ. 10 ಗ್ರಾಂ ಬೂದಿಯನ್ನು 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಅರ್ಧ ಗಂಟೆ ಕಲಕಿ, ತಿಳಿನೀರಿನ ಪಿಎಚ್ ನೋಡಿ. 8 ದಾಟಿದ್ದರೆ ತೊಳೆಯಬೇಕು. ಬೂದಿಯ ಹತ್ತರಷ್ಟು ಬಿಸಿನೀರಿನಲ್ಲಿ ಕಲಕಿ ಬಸಿಯುವುದನ್ನು ಪಿಎಚ್ 7ರ ಆಸುಪಾಸಿಗೆ ಬರುವವರೆಗೂ ಮಾಡಿ. ಬಗ್ಗದಿದ್ದರೆ ಒಮ್ಮೆ ದುರ್ಬಲ ಸಿಟ್ರಿಕ್ ಆಮ್ಲದ ನೀರು, ಆಮೇಲೆ ಮತ್ತೆ ಬರೀ ನೀರು. ಕೊನೆಗೆ 110 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ತುಂಬಿ. ಇನ್ನೂ ಒಳ್ಳೆಯದೆಂದರೆ ಹೊಟ್ಟನ್ನು ಸುಡುವ ಮೊದಲೇ ದುರ್ಬಲ ಆಮ್ಲದಲ್ಲಿ ನೆನೆಸಿ ತೊಳೆಯುವುದು. ಪೊಟ್ಯಾಸಿಯಂ ಆಗಲೇ ಹೊರಟುಹೋಗಿ ಸಿಲಿಕಾ ಶುದ್ಧವಾಗಿ ಸಿಗುತ್ತದೆ.

ತೆಂಗಿನ ನಾರಿನ ಪುಡಿ ಬಳಸುವವರಿಗೆ ಇದೇ ತೊಂದರೆ ಉಪ್ಪಿನ ರೂಪದಲ್ಲಿ ಬರುತ್ತದೆ. ಸಿಪ್ಪೆಯನ್ನು ಉಪ್ಪುನೀರಿನ ಹಿನ್ನೀರಿನಲ್ಲಿ ಕೊಳೆಸಿ ನಾರು ತೆಗೆದಿದ್ದರೆ ಪುಡಿಯಲ್ಲಿ ಸೋಡಿಯಂ ತುಂಬಿರುತ್ತದೆ. ತೊಳೆಯದೆ ಬಳಸಲೇಬೇಡಿ.

ಸುಟ್ಟ ಬಿಸಿಯಲ್ಲೇ ತಪ್ಪಿದ ಬೂದಿ

ತೊಳೆದರೂ ಒಣಗಿಸಿದರೂ ಬೂದಿ ಏನನ್ನೂ ಹಿಡಿಯುತ್ತಿಲ್ಲವೆಂದರೆ ಅದನ್ನು ಸುಟ್ಟ ಬಿಸಿಯನ್ನು ವಿಚಾರಿಸಬೇಕು. ಹೊಟ್ಟನ್ನು 500ರಿಂದ 700 ಡಿಗ್ರಿಯಲ್ಲಿ ಸುಟ್ಟರೆ ಸಿಲಿಕಾ ಸ್ಫಟಿಕವಾಗದೆ ಉಳಿದು ರಂಧ್ರಗಳಿಂದ ತುಂಬಿರುತ್ತದೆ. ಅದಕ್ಕಿಂತ ಬಹಳ ಮೇಲೆ, 800 ದಾಟಿ ಹೊತ್ತು ಹೋದರೆ ಸ್ಫಟಿಕವಾಗಲು ಶುರುವಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಾಯ್ಲರಿನ ಬೂದಿ ಒಂದು ಲೋಡಿನಂತೆ ಇನ್ನೊಂದು ಇರದಿರುವುದಕ್ಕೆ ಇದೇ ಕಾರಣ. ಕಪ್ಪು ಬೂದಿಯಲ್ಲಿ ಸುಡದ ಇಂಗಾಲ ಹೆಚ್ಚು. ಅದು ಬಣ್ಣ ತೆಗೆಯುತ್ತದೆ, ಆದರೆ ಸೋಸುವಾಗ ಮಸಿ ಬಿಡುತ್ತದೆ. ಬೂದುಬಣ್ಣದ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಒಳ್ಳೆಯದು. ಗಟ್ಟಿ ಗಂಟುಗಳಾಗಿ ಕರಗಿ ಅಂಟಿಕೊಂಡದ್ದು ಹೆಚ್ಚು ಬೆಂದದ್ದು. ಬಣ್ಣವೊಂದನ್ನೇ ನಂಬದೆ ಪ್ರತಿ ಲೋಡಿಗೂ ಐದು ಜಾಡಿಯ ಪರೀಕ್ಷೆ ಮಾಡಿಯೇ ಒಳಗೆ ಸೇರಿಸಿಕೊಳ್ಳಿ. ಹೆಚ್ಚು ಬೆಂದ ಬೂದಿಯ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಸ್ಫಟಿಕ ಸಿಲಿಕಾ ಸಿಲಿಕೋಸಿಸ್ ತರುತ್ತದೆ, ಹಾಗಾಗಿ ದೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಬಟ್ಟೆ ಕಟ್ಟಿಕೊಂಡರೆ ಸಾಲದು.

ಮಸುಕಾಗಿ ಬರುತ್ತಿದೆ

ಒಂದು ಗಾಜಿನ ಲೋಟದಷ್ಟು ಇಂಧನವನ್ನು 60 ಡಿಗ್ರಿಗೆ ಬಿಸಿಮಾಡಿ. ಬಿಸಿಯಲ್ಲೂ ಮಸುಕು ಹೋಗದಿದ್ದರೆ ದೂಳು. ಒಂದು ದಿನ ಬಿಟ್ಟರೆ ತಳದಲ್ಲಿ ಬೂದುಬಣ್ಣದ ಗೆರೆ ಕಾಣುತ್ತದೆ. 10, 5, 1 ಮೈಕ್ರಾನ್ ಹೀಗೆ ಸಾಲಾಗಿ ಫಿಲ್ಟರ್ ಹಾಕಬೇಕು. ನೇರವಾಗಿ 1 ಮೈಕ್ರಾನ್‌ಗೆ ಹೋದರೆ ಕೂಡಲೇ ಕಟ್ಟಿಕೊಳ್ಳುತ್ತದೆ. ಬಿಸಿಯಲ್ಲಿ ತಿಳಿಯಾಗಿ, ಮಾಮೂಲಿ ಬಿಸಿಗೆ ಇಳಿದಾಗ ಮತ್ತೆ ಮಸುಕಾದರೆ ನೀರು. ಬಹಳ ತಣ್ಣಗಾದಾಗ ಮಾತ್ರ ಮಸುಕಾದರೆ ದೋಷವೇ ಅಲ್ಲ, ಪರ್ಯಾಪ್ತ ಕೊಬ್ಬು ಹೆಚ್ಚಿರುವ ಎಣ್ಣೆಯ ಗುಣ.

ನೀರು ಬಂದದ್ದು ಹೆಚ್ಚಾಗಿ ಶೋಧಿಸುವ ವಸ್ತುವಿನಿಂದಲೇ. ಬಿಸಿಲಲ್ಲಿ ಒಣಗಿಸಿ ಚೀಲಕ್ಕೆ ತುಂಬಿದ ಬೆಂಡಿನಲ್ಲೂ ಶೇ 10ರಷ್ಟು ತೇವ ಇರಬಹುದು. 50 ಗ್ರಾಂ ತೂಗಿ 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿ ನೋಡಿ. 45 ಗ್ರಾಂ ಬಂದರೆ ಶೇ 10. ಶೇ 3ರ ಒಳಗೆ ತಂದು ಬಳಸಿ. ಒಣಗಿಸಿದ ರಾತ್ರಿಯೇ ತೆರೆದಿಟ್ಟರೆ ಗಾಳಿಯ ತೇವವನ್ನು ಮತ್ತೆ ಕುಡಿದು ಕೂರುತ್ತದೆ.

ಬಣ್ಣ ಗಾಢವಾಗಿದೆ

ಸೋಪು ಸರಿಯಿದ್ದರೆ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಂಡು, ಸಿಪ್ಪೆ, ಮರದ ಪುಡಿಯಲ್ಲಿರುವ ಟ್ಯಾನಿನ್, ಅಂಟು ಮೆಥನಾಲಿಗೆ ಬಿಟ್ಟುಕೊಳ್ಳುತ್ತವೆ. ವಸ್ತುವನ್ನು ಬಿಸಿನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಒಣಗಿಸಿದರೆ ಮುಗಿಯಿತು. ಬಣ್ಣಕ್ಕಾಗಿಯೇ ಇದ್ದಿಲು ಸುರಿಯುವ ಚಾಳಿ ಬೇಡ. ಇದ್ದಿಲು ಇಂಧನದೊಳಗಿನ ಸಹಜ ವಿಟಮಿನ್ ಇ ಅಂಥ ರಕ್ಷಕಗಳನ್ನೂ ಎಳೆದುಕೊಂಡು, ನೋಡಲು ಚೆಂದದ ಆದರೆ ಬೇಗ ಕೆಡುವ ಇಂಧನ ಕೊಡಬಹುದು.

ಸೋಪು ಹೋಯಿತು, ಆಮ್ಲಸಂಖ್ಯೆ ಏರಿತು

ಆಮ್ಲದಲ್ಲಿ ತೊಳೆದ ವಸ್ತುವನ್ನು ನೀರಿನಲ್ಲಿ ಸರಿಯಾಗಿ ಜಾಲಿಸದಿದ್ದರೆ ಅದು ಸೋಪನ್ನು ಹಿಡಿಯುವುದಿಲ್ಲ, ಒಡೆಯುತ್ತದೆ. ಸೋಡಿಯಂ ವಸ್ತುವಿನಲ್ಲಿ ಉಳಿದು ಕೊಬ್ಬಿನಾಮ್ಲ ಇಂಧನಕ್ಕೆ ವಾಪಸಾಗುತ್ತದೆ. ಆಮ್ಲ ಹನಿಸಿ ಅಳೆಯುವ ಪರೀಕ್ಷೆಯಲ್ಲಿ (ಟೈಟ್ರೇಷನ್) ಸೋಪು ಸೊನ್ನೆ ತೋರಿಸುವುದರಿಂದ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಸಿಕ್ಕಿಬೀಳುತ್ತದೆ: ಒಡೆದ ಪ್ರತಿ 1,000 ಪಿಪಿಎಂ ಸೋಡಿಯಂ ಸೋಪಿಗೆ ಆಮ್ಲಸಂಖ್ಯೆ 0.18ರಷ್ಟು ಏರಬೇಕು. ಒಳಗೆ 2,000 ಪಿಪಿಎಂ ಸೋಪಿದ್ದು ಆಮ್ಲಸಂಖ್ಯೆ 0.15ರಿಂದ 0.52ಕ್ಕೆ ಹೋಗಿದ್ದರೆ ಸೋಪೆಲ್ಲ ಒಡೆದಿದೆ, ಒಂದಿಷ್ಟೂ ಹಿಡಿದಿಲ್ಲ. ವಸ್ತುವನ್ನು ಮತ್ತೆ ಜಾಲಿಸಿ, ಮತ್ತು ಒಳಗೆ ಬರುವ ಸೋಪನ್ನು ನೆಲೆಗೊಳಿಸುವ ಹಂತದಲ್ಲೇ ತಗ್ಗಿಸಿ.

ಎಲ್ಲ ಪರೀಕ್ಷೆ ಪಾಸು, ಒಟ್ಟು ಗ್ಲಿಸರಿನ್ ಫೇಲು

ಒಟ್ಟು ಗ್ಲಿಸರಿನ್ ಎಂದರೆ ಬಿಡಿ ಗ್ಲಿಸರಿನ್ ಜತೆಗೆ ಕ್ರಿಯೆಗೊಳ್ಳದ ಎಣ್ಣೆಯೊಳಗೆ ಕಟ್ಟಿಕೊಂಡಿರುವ ಗ್ಲಿಸರಿನೂ ಸೇರಿದ್ದು. 3 ಮಿ.ಲೀ. ಇಂಧನವನ್ನು ಸುಮಾರು 20 ಡಿಗ್ರಿಯಲ್ಲಿ 27 ಮಿ.ಲೀ. ಮೆಥನಾಲಿಗೆ ಹಾಕಿ ಕುಲುಕಿ. ತಳದಲ್ಲಿ ಹನಿ ಕೂತರೆ ಕ್ರಿಯೆಗೊಳ್ಳದ ಎಣ್ಣೆ ಇದೆ. ಶೋಧಕ ಅದನ್ನು ತೆಗೆಯದು. ಇಂಧನ ಮತ್ತೆ ಮೆಥನಾಲ್, ಕ್ರಿಯಾವರ್ಧಕದ ತೊಟ್ಟಿಗೇ ಹೋಗಬೇಕು. ಈ ಪರೀಕ್ಷೆಯನ್ನು ಶೋಧಿಸುವ ಮುಂಚೆಯೇ ಮಾಡಿದ್ದರೆ ಒಂದು ಹಾಸು ಉಳಿಯುತ್ತಿತ್ತು.

ಬಳಸಿದ ವಸ್ತು ಬಿಸಿಯಾಗುತ್ತಿದೆ

ಇದನ್ನು ದೋಷವೆಂದು ಯಾರೂ ಬರೆದಿಡುವುದಿಲ್ಲ, ಆದರೆ ಶೆಡ್ಡು ಸುಟ್ಟುಹೋಗುವುದು ಇದರಿಂದ. ಬಯೋಡೀಸೆಲ್ ಹೀರಿದ ಬೆಂಡು, ಸಿಪ್ಪೆ, ಮರದ ಪುಡಿಯನ್ನು ರಾಶಿ ಹಾಕಿದರೆ ಅಪರ್ಯಾಪ್ತ ಕೊಬ್ಬು ಗಾಳಿಯ ಆಮ್ಲಜನಕದೊಡನೆ ಸೇರಿ ಬಿಸಿ ಹುಟ್ಟಿಸುತ್ತದೆ. ರಾಶಿಯ ನಡುವಿನ ಬಿಸಿ ಹೊರಹೋಗಲು ದಾರಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಅಗಸೆ, ಸೋಯಾ, ಸೂರ್ಯಕಾಂತಿ ಎಣ್ಣೆಯಿಂದ ಮಾಡಿದ ಇಂಧನಕ್ಕೆ ಈ ಗುಣ ಹೆಚ್ಚು. ಕಾಲಂನಿಂದ ತೆಗೆಯುವ ಮೊದಲು ಒಂದು ರಾತ್ರಿ ಬಸಿಯಲು ಬಿಡಿ, ಒಂದಷ್ಟು ಇಂಧನವೂ ವಾಪಸು ಸಿಗುತ್ತದೆ. ತೆಗೆದ ಕೂಡಲೇ ಬಿಗಿ ಮುಚ್ಚಳದ ಲೋಹದ ಡ್ರಮ್ಮಿಗೆ ಹಾಕಿ, ಮುಳುಗುವಷ್ಟು ನೀರು ತುಂಬಿ, ಕಟ್ಟಡದಿಂದ ದೂರ ಇಡಿ. ಗೋಣಿಚೀಲದಲ್ಲಿ ಕಟ್ಟಿ ಮೂಲೆಗೆ ಒಟ್ಟಬೇಡಿ.